ಸೊಪ್ಪಿನ ಹೊತ್ತಿಗೆ ಬೋಂಡ

ನಮ್ಮೋರ ಹೆಸರು ಚನ್ನಕೇಶವ. ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ನಮ್ಮತ್ತೆ ಹೇಳೋರು. ಆಗ್ಲಿ ಬಿಡಿ, ಈ ಮನುಷ್ಯ ನನ್ನ ಆಯಸ್ಸು ತಿಂದಿರೋದಕ್ಕೆ ಅಲ್ಲಿಗಲ್ಲಿಗೆ ಸರಿಹೋಗುತ್ತೆ.

ನಮ್ಮೂರು ಸಾದಲಿಯಲ್ಲಿ ಮೂವತ್ತೈದು ವರ್ಷದಿಂದ ರೇಷ್ಮೆ ಹುಳ ಸಾಕ್ತಾ ಇದ್ದೀವಿ. ಹುಳಕ್ಕೆ ಬೆಳಿಗ್ಗೆ ಆರು, ಹನ್ನೊಂದು, ಸಾಯಂಕಾಲ ನಾಲ್ಕು, ರಾತ್ರಿ ಒಂಬತ್ತು ಅಂತ ಹೊತ್ತೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಲೇಬೇಕು. ಮದುವೆ ಇರ್ಲಿ, ತಿಥಿ ಇರ್ಲಿ, ಹನ್ನೊಂದಾಗ್ತಿದ್ದ ಹಾಗೆ ಇವರು ಎದ್ದು ಹೊರಟುಬಿಡೋರು. ನನ್ನ ತಮ್ಮ ಕೋನಪ್ಪನ ಧಾರೆಯಲ್ಲಿ ಅಕ್ಷತೆ ಕೈಯಲ್ಲಿ ಹಿಡ್ಕೊಂಡೇ ಮನೆಗೆ ಓಡಿಬಂದ್ರು. ಆ ಅಕ್ಷತೇನ ಹುಳದ ಮೇಲೆ ಹಾಕಿ ಹರಸಿದ್ರೋ ಏನೋ, ನಾನು ಕೇಳೋಕೆ ಹೋಗಲಿಲ್ಲ.

ಹೋದ ಡಿಸೆಂಬರ್‌ನಲ್ಲಿ ಮಗಳು ಯಾಮಿನಿ ಹಾಸನದಿಂದ ಮಕ್ಕಳನ್ನ ಕರ್ಕೊಂಡು ಬಂದ್ಲು. ಹಂಸಿಕಗೆ ನಾಲ್ಕು, ಅವಳ ತಮ್ಮ ಚಿರಂತನಿಗೆ ಇನ್ನೂ ಎರಡು ತುಂಬಿಲ್ಲ. ಸಂಕ್ರಾಂತಿವರೆಗೂ ಮಕ್ಕಳನ್ನ ಇಲ್ಲೇ ಬಿಟ್ಟೋಗೇ ಅಂತ ನಾನು ಗೋಗರೆದೆ. ನಮ್ಮನ್ನ ನಂಬಬೇಕಲ್ಲ ಮಹಾರಾಯ್ತಿ!

"ನಾಳೆ ಚಿಂತಾಮಣೀಲಿ ನನ್ನ ಫ್ರೆಂಡ್ ಮನೆ ಗೃಹಪ್ರವೇಶ. ಒಂದಿನ ನೀವಿಬ್ರೂ ನೋಡ್ಕೊಳ್ಳಿ. ಸ್ವೆಟರ್, ಟೋಪಿ ತೆಗೀಬಾರದು. ಆಚೆ ತಿಂಡಿ ಕೊಡಿಸ್ಬಾರದು. ಸರಿಯಾಗಿ ನೋಡ್ಕೊಂಡ್ರೆ ಬಿಟ್ಟೋಗ್ತೀನಿ, ಇಲ್ಲಾಂದ್ರೆ ನಾಳಿದ್ದು ಗಂಟುಮೂಟೆ ಕಟ್ತೀನಿ ಕಣಮ್ಮ," ಅಂದ್ಲು.

ಮಾರನೇ ದಿನ ಅವಳು ಬಸ್ ಹತ್ತಿದ್ದೇ ತಡ, ಇವರದು ಶುರು. ರೇಷ್ಮೆ ಗೂಡು ಮಾರಿ ಎರಡು ದಿನ ಆಗಿತ್ತು, ಹುಳದ ಮನೆ ಖಾಲಿ. "ಮನೇಲಿ ಕೂತು ಏನ್ ಮಾಡೋದೇ? ಮಕ್ಕಳಿಗೆ ಚಿಕ್ಕಬಳ್ಳಾಪುರ ತೋರಿಸ್ಕೊಂಡು ಬರಣ," ಅಂದ್ರು. ನಾನೇನು ಬೇಡ ಅಂದ್ನಾ? ಅವರು ಪಂಚೆ ಉಡೋದ್ರೊಳಗೆ ನಾನು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ.

ಚಳಿ ಅಂದ್ರೆ ಚಳಿ. ಬಿಸಿಲೇರಿದ್ರೂ ನಂದಿಬೆಟ್ಟ ಮಂಜು ಹೊದ್ಕೊಂಡು ಮಲಗಿತ್ತು. ಮಕ್ಕಳಿಗೆ ಮಂಕಿ ಕ್ಯಾಪು, ಎರಡೆರಡು ಸ್ವೆಟರು. ಚಿರಂತನಿಗೆ ಕೈ ಮಡಚೋಕೂ ಆಗ್ತಿರಲಿಲ್ಲ. ಪಾರ್ಕಲ್ಲಿ ಉಯ್ಯಾಲೆ ಆಯ್ತು, ಜಾರುಬಂಡೆ ಆಯ್ತು. ಹೂವಿನ ಮಂಡೀಲಿ ಸೇವಂತಿಗೆ ರಾಶಿ ನೋಡಿ ಹಂಸಿಕ, "ತಾತ, ಇದರೊಳಗೆ ಬೀಳ್ಲಾ?" ಅಂದ್ಲು. "ಬೀಳಮ್ಮ," ಅಂದ್ರು ಈ ಮಹಾನುಭಾವ. ಬಿದ್ಲು! ಮಂಡಿಯ ಬಯ್ಯಪ್ಪ ಬಾಯಿಗೆ ಬಂದಂಗೆ ಬೈದ. ನಾನು ಮಗು ಕಿವಿ ಮುಚ್ಚಿದೆ. ಇವರ ಕಿವಿ ಮುಚ್ಚಲಿಲ್ಲ, ಚೆನ್ನಾಗಿ ಕೇಳಿಸ್ಕೊಳ್ಲಿ ಅಂತ.

ಅಷ್ಟರಲ್ಲಿ ಹನ್ನೊಂದಾಯ್ತು. ಇವರು ಗಡಿಯಾರ ನೋಡ್ಲಿಲ್ಲ, ಏನಿಲ್ಲ. "ಸೊಪ್ಪಿನ ಹೊತ್ತಾಯ್ತು," ಅಂದವರೇ ಸೀದಾ ಬೋಂಡದ ಗಾಡಿ ಮುಂದೆ ನಿಂತ್ರು.

"ಮಗಳು ಏನ್ ಹೇಳಿದ್ಲು, ನೆನಪಿದೆಯಾ?"

"ಒಂದೇ ಒಂದು ಕಣೇ."

ಹುಳ ಸಾಕೋರದ್ದು ಒಂದು ಪದ್ಧತಿ ಇದೆ. ಹಾಕಿದ ಸೊಪ್ಪು ಪೂರ್ತಿ ತಿಂದ್ರೆ ಹುಳಕ್ಕೆ ಇನ್ನೂ ಹಸಿವಿದೆ ಅಂತ, ಮತ್ತೆ ಹಾಕಬೇಕು. ಮಿಗಿಸಿದ್ರೆ ಸಾಕು ಅಂತ, ನಿಲ್ಲಿಸಬೇಕು. ಇವರು ಮೊಮ್ಮಕ್ಕಳಿಗೂ ಅದನ್ನೇ ಮಾಡಿದ್ರು. ಆದ್ರೆ ಮಕ್ಕಳು ಮಿಗಿಸಬೇಕಲ್ಲ! ಬೋಂಡ ಖಾಲಿ. ಖಾರಾಪುರಿ ಖಾಲಿ. ಜಿಲೇಬಿ ಖಾಲಿ. ಆ ಚಳೀಲಿ ಐಸ್‌ಕ್ರೀಮು, ಅದೂ ಖಾಲಿ. "ಪಾಪ, ಎಷ್ಟು ಹಸ್ಕೊಂಡಿವೆ ನೋಡೇ! ಯಾಮಿನಿ ಹೊಟ್ಟೆಗೆ ಏನೂ ಹಾಕಲ್ಲ ಅಂತ ಕಾಣುತ್ತೆ," ಅಂತ ಮರುಗಿದ್ರು. ಸುಳ್ಳು ಯಾಕೆ ಹೇಳ್ಲಿ, ನಾನೂ ಮೂರು ಬೋಂಡ ತಿಂದೆ.

ವಾಪಸ್ ಬರ್ತಾ ಶಿಡ್ಲಘಟ್ಟ ದಾಟಿದ ಮೇಲೆ ಬಸ್ಸಲ್ಲಿ ಚಿರಂತ ಒಂದು ಸಲ ತೇಗಿದ. ಆಮೇಲೆ, ಅಯ್ಯೋ ದೇವುಡಾ! ತಿಂದಿದ್ದಷ್ಟೂ ತಾತನ ಪಂಚೆ ಮೇಲೆ. ಅವನ ಸ್ವೆಟರು, ಟೋಪಿ, ಯಾವುದೂ ಉಳೀಲಿಲ್ಲ. ಎಲ್ಲಾ ಕಕ್ಕಿ, ಕಿಲಕಿಲ ಅಂತ ನಕ್ಕ ಆ ಮುಂಡೇದು.

ಮನೆಗೆ ಬಂದು ಸ್ವೆಟರ್ ಒಗೆದೆ. ಧನುರ್ಮಾಸದ ಬಿಸಿಲಿಗೆ ಉಲ್ಲನ್ನು ಒಣಗುತ್ತಾ? ಇವರು ಅದನ್ನ ಹುಳದ ಮನೆಗೆ ತಗೊಂಡು ಹೋಗಿ, ಹುಳಕ್ಕೆ ಇಡೋ ಹೀಟರ್ ಹಚ್ಚಿ ನೇತು ಹಾಕಿದ್ರು. ಆಮೇಲೆ ಹಂಸಿಕನ್ನ ತೊಡೆ ಮೇಲೆ ಕೂರಿಸ್ಕೊಂಡು ಪಾಠ.

"ಅಮ್ಮ ಕೇಳಿದ್ರೆ ಪಾರ್ಕ್‌ಗೆ ಹೋಗಿದ್ವಿ, ಇಡ್ಲಿ ತಿಂದ್ವಿ ಅನ್ನಬೇಕು. ಏನು ತಿಂದ್ವಿ?"

"ಇಡ್ಲಿ."

"ಜಾಣೆ ನನ್ನಮ್ಮ!"

ಐದೂವರೆಗೆ ಯಾಮಿನಿ ಬಂದ್ಲು. ಅವಳು ಚಪ್ಪಲಿ ಬಿಡೋಕೂ ಬಿಡದೆ ಹಂಸಿಕ, "ಅಮ್ಮ, ಪಾರ್ಕ್‌ಗೆ ಹೋಗಿದ್ವಿ, ಇಡ್ಲಿ ತಿಂದ್ವಿ," ಅಂದ್ಲು. ಅಬ್ಬಾ, ಗೆದ್ವಿ ಅಂದ್ಕೊಂಡೆ.

"ಬೋಂಡ ಇಡ್ಲಿ, ಜಿಲೇಬಿ ಇಡ್ಲಿ, ಐಸ್‌ಕ್ರೀಮ್ ಇಡ್ಲಿ! ಚಿರು ತಾತನ ಮೇಲೆ ಕಕ್ಕಿದ. ಹೇಳಬಾರದಂತೆ."

ಯಾಮಿನಿ ಮುಖ ಕೆಂಪಗಾಯ್ತು. ಮುಗೀತು, ನಾಳೆ ಹೊರಟ್ಲು, ಹಬ್ಬಕ್ಕೆ ನನ್ನ ಮನೆ ಭಣಭಣ ಅಂತ ನನಗೆ ಅಳುವೇ ಬಂತು. ಇವರು ತಲೆ ತಗ್ಗಿಸಿ, "ತಪ್ಪಾಯ್ತು ಕಣಮ್ಮ," ಅಂದ್ರು.

"ಅದಲ್ಲಪ್ಪ," ಅಂದ್ಲು. "ನಾನು ಚಿಕ್ಕೋಳಿದ್ದಾಗ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಹೋಗು ಅಂತ ಎಷ್ಟು ಸಲ ಅತ್ತಿದ್ದೀನಿ? ಒಂದಿನ ಆದ್ರೂ ಕರ್ಕೊಂಡು ಹೋದ್ಯಾ? ಒಂದು ಬೋಂಡ ಕೊಡಿಸಿದ್ಯಾ?"

ಆಗ ಅವಳು ಅತ್ತಿದ್ದಕ್ಕೆ ನಾನೇ ಎರಡೇಟು ಹಾಕಿದ್ದೂ ಉಂಟು.

"ಮಕ್ಕಳನ್ನ ನಿಮ್ಮ ಕೈಗೆ ಬಿಟ್ಟು ಹೋಗೋ ಮಾತೇ ಇಲ್ಲ," ಅಂತ ಮೂಗು ಒರೆಸ್ಕೊಂಡ್ಲು. "ಹಬ್ಬದವರೆಗೂ ನಾನೂ ಇಲ್ಲೇ ಇರ್ತೀನಿ. ನಾಳೆ ನನ್ನನ್ನೂ ಕರ್ಕೊಂಡು ಹೋಗು."

ಇವರು ಜೇಬಿಂದ ಫೋನ್ ತೆಗೆದು, ನಮಗೆ ಮರಿಹುಳ ಕೊಡೋ ವೆಂಕಟರಾಮಪ್ಪಂಗೆ ಮಾಡಿದ್ರು.

"ಬರೋ ವಾರ ಹುಳ ಕಳಿಸ್ಬೇಡಪ್ಪ. ಸಂಕ್ರಾಂತಿ ಕಳೀಲಿ." ಆ ಕಡೆಯಿಂದ ಅವನು ಯಾಕಣ್ಣ, ಏನಾಯ್ತು ಅಂತ ಗಾಬರಿಯಾಗಿ ಕೂಗಿದ್ದು ನನಗೂ ಕೇಳಿಸ್ತು.

"ಪುರುಸೊತ್ತಿಲ್ಲ ಕಣಪ್ಪ. ಮಗಳು ಬಂದವ್ಳೆ," ಅಂದ್ರು.