ಮೂರನೇ ಸಲದ ಕರೆ

ಐರ್ಲೆಂಡಿನ ನಮ್ಮ ಕಾರ್ಕ್ ನಗರದಲ್ಲಿ ಯಾರ ಮನೆಗೆ ಹೋದರೂ, ಚಹಾ ಬೇಕೇ ಎಂದು ಅವರು ಕೇಳಿದರೆ ಮೊದಲು ಬೇಡ ಎನ್ನಬೇಕು. ಎರಡನೇ ಸಲವೂ ಬೇಡ ಎನ್ನಬೇಕು. ಮೂರನೇ ಸಲ ಕೇಳಿದಾಗ, "ನಿಮಗೆ ತೊಂದ್ರೆ ಇಲ್ಲ ಅಂದ್ರೆ ಅರ್ಧ ಕಪ್" ಎಂದು ಎರಡು ಕಪ್ ಕುಡಿದು ಬರಬೇಕು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಈ ರೀತಿ, ನನ್ನ ನೆರೆಯ ಬ್ರೀಡಾ ಟೂಮಿಗೆ ತಮ್ಮನ ವಿಷಯದಲ್ಲಿ ಮಾತ್ರ ಮರೆತುಹೋಗುತ್ತಿತ್ತು.

ಬ್ರೀಡಾ ಗುಡ್ಡದ ಮೇಲಿನ ನಮ್ಮ ಬೀದಿಯಲ್ಲಿ ಅತಿಥಿಗೃಹ ನಡೆಸುತ್ತಾಳೆ. ಕೆಳಗೆ ರೈಲು ನಿಲ್ದಾಣ, ಅದರಾಚೆ ಹಡಗುಕಟ್ಟೆ. ಗಂಡ ಸತ್ತ ಮೇಲೆ ಒಬ್ಬಳೇ ಹಾಸಿಗೆ ಹಾಸಿ, ಬೆಳಗ್ಗೆ ಮೊಟ್ಟೆ, ಹಂದಿಮಾಂಸ ಹುರಿದು ಬಡಿಸಿ ಬದುಕು ಕಟ್ಟಿಕೊಂಡವಳು. ಬಂದವರ ಬೂಟು ನೋಡಿಯೇ ಇವರಿಗೆ ಯಾವ ಕೋಣೆ ಎಂದು ತೀರ್ಮಾನಿಸುತ್ತಾಳೆ. ಕೈ ಧಾರಾಳ, ಕೋಪ ಮಾತ್ರ ಮೂಗಿನ ತುದಿಯಲ್ಲಿ.

ತಾಯಿ ತೀರಿಕೊಂಡಾಗ ಇಂಗ್ಲೆಂಡಿನಿಂದ ಬಂದ ತಮ್ಮ ಫಿನ್‌ಬಾರ್ ಹೋಟೆಲಿನಲ್ಲಿ ಇಳಿದುಕೊಂಡ. ಊರು ಸುಮ್ಮನಿರುತ್ತದೆಯೇ? "ಅಕ್ಕನ ಮನೆ ತುಂಬ ಹಾಸಿಗೆ, ತಮ್ಮ ಮಲಗೋದು ಹೋಟೆಲಲ್ಲಿ" ಎಂದು ಮೀನಿನಂಗಡಿಯ ಮುಂದೆ ನಿಂತವರೆಲ್ಲ ಆಡಿಕೊಂಡರು. ಆ ಮಾತು ಬ್ರೀಡಾಳ ಎದೆಗೆ ನಾಟಿತು. ಅಂದಿನಿಂದ ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಅವನೇ ಫೋನು ಮಾಡಿದ. ಶುಕ್ರವಾರ ಬರುತ್ತೇನೆ, ಅಮ್ಮನ ಸಮಾಧಿ ನೋಡಬೇಕು ಎಂದ. ಬ್ರೀಡಾ ನದಿ ಕಾಣುವ ಕೋಣೆಗೆ ಹೊಸ ಪರದೆ ಹಾಕಿ, ಅದನ್ನು ಯಾರಿಗೂ ಕೊಡದೆ ಇಟ್ಟಳು. ಅದೋ ಜಾಜ್ ಸಂಗೀತದ ಹಬ್ಬದ ವಾರ, ಊರಿನಲ್ಲಿ ಕಾಲಿಡಲು ಜಾಗವಿಲ್ಲ.

ಶುಕ್ರವಾರ ಸಂಜೆ ನಾನು ಹೋದಾಗ ಒಲೆಯ ಮೇಲೆ ಮಾಂಸ ಬೇಯುತ್ತಿತ್ತು. ಬ್ರೀಡಾ ಅದರ ಮುಂದೆ ಕೈಕಟ್ಟಿ ನಿಂತಿದ್ದಳು.

"ಎಲ್ಲಿ ನಿನ್ನ ತಮ್ಮ?" ಎಂದೆ.

"ಬರಲ್ಲ. ಹೋಟೆಲ್ ನೋಡ್ಕೋತಾನಂತೆ."

"ನೀನು ಕರೆದ್ಯಾ?"

"ಕರೀದೆ ಇರ್ತೀನಾ? ಈಗಷ್ಟೇ ನಿಲ್ದಾಣದಿಂದ ಫೋನ್ ಮಾಡಿದ್ದ. ಇಲ್ಲೇ ಉಳ್ಕೋ ಅಂದೆ, ನಿಂಗ್ಯಾಕೆ ತೊಂದ್ರೆ ಅಂದ. ತೊಂದ್ರೆ ಏನೂ ಇಲ್ಲ ಬಾ ಅಂದೆ, ಹಬ್ಬದ ವಾರ, ಗಿರಾಕಿಗಳಿರ್ತಾರೆ ಅಂದ. ಆಯ್ತಪ್ಪ, ನಿನ್ನಿಷ್ಟ ಅಂತ ಫೋನ್ ಇಟ್ಟೆ."

"ಅಯ್ಯೋ ನಿನ್ನ! ಎರಡೇ ಸಲನಾ?"

"ಇನ್ನೇನು, ಕಾಲಿಗೆ ಬೀಳಬೇಕಿತ್ತಾ?"

"ಎರಡನೇ ಸಲಕ್ಕೇ ಹೂಂ ಅನ್ನೋನು ಈ ಊರಲ್ಲಿ ಹುಟ್ಟಿದಾನೇನೇ?"

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಫಿನ್‌ಬಾರ್ ಎಂದುಕೊಂಡು ಇಬ್ಬರೂ ಓಡಿದೆವು. ಯಾರೋ ಗಂಡ ಹೆಂಡತಿ ಚೀಲ ಹೊತ್ತು ನಿಂತಿದ್ದರು.

"ಒಂದು ಕೋಣೆ ಇದ್ರೆ ಕೊಡಿ ತಾಯಿ. ಯಾವ ಹೋಟೆಲಲ್ಲೂ ಜಾಗ ಇಲ್ಲ" ಎಂದ ಗಂಡ.

ಬ್ರೀಡಾಳ ಕೈ ಬೀಗದಕೈ ತೂಗುಹಾಕಿದ್ದ ಮೊಳೆಯತ್ತ ಹೋಯಿತು. ಆ ಕೋಣೆ ಹೋದರೆ ತಮ್ಮನೂ ಹೋದ ಹಾಗೆಯೇ.

ಕೈ ಅರ್ಧದಲ್ಲೇ ನಿಂತಿತು. "ಯಾವ ಹೋಟೆಲಲ್ಲೂ ಇಲ್ವಾ?" ಎಂದು ಕೇಳಿದಳು. ಮುಖ ಬಿಳಿಚಿಕೊಂಡಿತ್ತು.

"ಒಂದರಲ್ಲೂ ಇಲ್ಲ."

"ನಮ್ಮಲ್ಲೂ ಇಲ್ಲ, ಮನೆಯವರು ಬರ್ತಿದ್ದಾರೆ. ಈ ನೋರೀನ್ ಮನೇಲಿ ಉದ್ದನೆ ಸೋಫಾ ಇದೆ, ಪಕ್ಕದ ಬಾಗಿಲೇ, ಅಲ್ಲಿ ಮಲಗಿ" ಎಂದು ಕೋಟು ಏರಿಸಿಕೊಂಡು ಇಳಿಜಾರಿನಲ್ಲಿ ನಿಲ್ದಾಣದ ಕಡೆ ಹೊರಟೇಬಿಟ್ಟಳು. ಮಾರಾಯ್ತಿ, ನನ್ನನ್ನು ಒಂದು ಸಲವೂ ಕೇಳಲಿಲ್ಲ! ನನ್ನ ಬೀಗದಕೈ ಆ ಹೆಂಗಸಿನ ಕೈಗಿಟ್ಟು ನಾನೂ ಹಿಂದೆ ಓಡಿದೆ.

ನಿಲ್ದಾಣದಲ್ಲಿ ಡಬ್ಲಿನ್ ರೈಲು ಹೊರಡಲು ನಿಂತಿತ್ತು; ಇಂಗ್ಲೆಂಡಿಗೆ ಮರಳುವವರು ಹತ್ತುವುದು ಅದನ್ನೇ. ಬ್ರೀಡಾ ಒಂದೊಂದು ಕಿಟಕಿಗೂ ಮುಖ ಒತ್ತಿ ಹುಡುಕಿದಳು. ಸೀಟಿ ಊದಿದರು. ಅವಳು ಇನ್ನೂ ಮೂರು ಡಬ್ಬಿ ನೋಡಬೇಕಿತ್ತು, ರೈಲು ಕದಲಿತು.

"ಹೋದ ಕಣೇ. ನಾನೇ ಕಳಿಸಿಬಿಟ್ಟೆ" ಎಂದಳು. ಅವಳ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ರೈಲು ಪೂರ್ತಿ ಸರಿದಾಗ ಎದುರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಟೋಪಿ ಹಾಕಿದ ಮುದುಕನೊಬ್ಬ ಕೂತಿದ್ದ. ಫಿನ್‌ಬಾರ್! ಸೇತುವೆ ಹತ್ತಿಳಿದು ಅವನೆದುರು ನಿಂತೆವು.

"ಯಾವ ಹೋಟೆಲು?" ಎಂದಳು ಬ್ರೀಡಾ, ಏದುಸಿರಿನಲ್ಲೇ.

"ಯಾವ್ದೂ ಇಲ್ಲ. ಕೇಳೋಕೇ ಹೋಗಿಲ್ಲ."

"ಮತ್ತೆ ಇಲ್ಲಿ ಕೂತು ಏನ್ಮಾಡ್ತಿದ್ದೀಯಾ?"

ಅವನು ತಲೆ ಎತ್ತಲಿಲ್ಲ. "ಅಮ್ಮ ಸತ್ತಾಗ್ಲೂ ನೀನು ಎರಡೇ ಸಲ ಕರೆದೆ ಬ್ರೀಡಾ. ಆಗ್ಲೂ ಇಲ್ಲೇ ಕೂತು ಕಾದಿದ್ದೆ."

ಬ್ರೀಡಾ ಅವನ ಓರೆಯಾದ ಟೋಪಿ ನೆಟ್ಟಗೆ ಮಾಡಿದಳು.

"ಮನೆಗೆ ಬಾ" ಎಂದಳು.

"ನಿಂಗೆ ತೊಂದ್ರೆ ಆಗಲ್ವಾ?"

"ಆಗತ್ತೆ. ಎದ್ದೇಳು."

ಫಿನ್‌ಬಾರ್ ಎದ್ದ. ಅವನ ಚೀಲವನ್ನು ಬ್ರೀಡಾ ಆಗಲೇ ಎತ್ತಿಕೊಂಡಿದ್ದಳು.