ಬೆತ್ತದವನ ಮುಖ ಹುಡುಕಿದ್ದು

ಆ ದಿನ ವಿಶೇಷವೇನೂ ಆಗಲಿಲ್ಲ. ಬೆತ್ತದವನು ಬಾಗಿಲ ಹೊರಗೆ ಯಾರದೋ ಒರಗುಕುರ್ಚಿಯನ್ನು ಮಗುಚಿ ಇಟ್ಟುಕೊಂಡು ಸೀಟು ಹೆಣೆಯುತ್ತಿದ್ದ. ಎದುರಿಗೆ ಹೆಂಡತಿ ಇನ್ನೊಂದು ಕುರ್ಚಿ ಹಿಡಿದಿದ್ದಳು. ಅವನನ್ನು ಊರು ಬೆತ್ತದವನು ಎನ್ನುತ್ತಿತ್ತು, ಅದಕ್ಕೇ ಅವಳು ಬೆತ್ತದವಳು. ಮಧ್ಯಾಹ್ನ ಉಣ್ಣುವಾಗ ಉಪ್ಪು ಕಮ್ಮಿ ಎಂದ. ಹಾಕಿಕೊಳ್ಳಿ ಎಂದಳು. ಆಡಿದ ಮಾತು ಅಷ್ಟೇ. ಸಂಜೆ ಎದೆ ಹಿಡಿದುಕೊಂಡ. ಆಸ್ಪತ್ರೆಗೆ ಮುಟ್ಟಿಸಿದರು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟ.

ಅತ್ತಳು, ಎಲ್ಲರೂ ಅಳುವ ಹಾಗೆ. ಕಷ್ಟ ಶುರುವಾದದ್ದು ಆಮೇಲೆ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಮುಖವೇ ಬರುತ್ತಿತ್ತು. ಬಾಯಿ ಒಂದು ಕಡೆ ಎಳೆದುಕೊಂಡು, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡ ಮುಖ. ಇಷ್ಟು ವರ್ಷ ಎದುರಿಗೇ ಕೂತಿದ್ದ ಮುಖ ಎಲ್ಲಿ ಹೋಯಿತೋ, ಎಷ್ಟು ತಡಕಾಡಿದರೂ ನೆನಪಿಗೆ ಬಾರದು. ಕೆಲಸಕ್ಕೆ ಕೂತರೆ ಎದುರಿನ ಜಾಗದಲ್ಲಿ ಅದೇ ಕಾಣುತ್ತಿತ್ತು. ಹೆಣೆಯುವುದನ್ನೇ ಬಿಟ್ಟಳು.

ಫೋಟೋ ನೋಡೋಣವೆಂದರೆ ಅವನು ಫೋಟೋಕ್ಕೆ ಸಿಗುವ ಆಸಾಮಿಯೇ ಅಲ್ಲ. ಗುರುತಿನ ಚೀಟಿಯಲ್ಲಿ ಒಂದಿದೆ, ಕದ್ದು ಸಿಕ್ಕಿಬಿದ್ದವನ ಹಾಗೆ ಮುಖ ಮಾಡಿಕೊಂಡಿದ್ದಾನೆ. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಬರೀ ಮೊಣಕೈ. ಎಲ್ಲರೂ ಫೋಟೋಕ್ಕೆ ನಿಂತಾಗ ಇವನು ಹಿಂದೆ ಹೋಗಿ ಹಾಲ್‌ನ ಹರಿದ ಕುರ್ಚಿಗಳನ್ನು ನೋಡುತ್ತಿದ್ದನಂತೆ.

ಮಗಳಿಗೆ ಹೇಳಿದಳು. ಮಗಳು ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಬಂದಳು. ಊರಿನ ಹಳೇ ಫೋಟೋಗಳನ್ನೆಲ್ಲ ಪತ್ರಾಗಾರದವರು ಕಂಪ್ಯೂಟರಿಗೆ ಹಾಕಿದ್ದಾರೆ, ಫೋನಿನಲ್ಲೇ ನೋಡಬಹುದು, ಒಂದು ಚಿತ್ರ ಕೊಟ್ಟರೆ ಅಂಥ ಚಿತ್ರಗಳನ್ನೆಲ್ಲ ಹುಡುಕಿ ಮುಂದಿಡುತ್ತದೆ ಎಂದಳು. ನಾದಿನಿ ಅಲ್ಲೇ ಇದ್ದಳು. ಅಣ್ಣ ಎಂದರೆ ಜೀವ ಬಿಡುವವಳೇ, ಆದರೆ ಬಾಯಿ ಸುಮ್ಮನಿರದು.

“ಬದುಕಿದ್ದಾಗ ಕರೆದ್ರೇ ಬರ್ತಿರ್ಲಿಲ್ಲ. ಈಗ ಫೋನಲ್ಲಿ ಬರ್ತಾನಾ?” ಎಂದಳು.

ಮೊದಲು ಗುರುತಿನ ಚೀಟಿಯ ಮುಖ ಕೊಟ್ಟರು. ಬಂದವರೆಲ್ಲ ಯಾರ್ಯಾರೋ. ಒಬ್ಬ ಪೋಸ್ಟ್‌ಮಾಸ್ತರ, ಒಬ್ಬ ಪೈಲ್ವಾನ, ಗಂಟುಮುಖದ ಒಬ್ಬ ಹೆಂಗಸು. ಇದ್ದುದರಲ್ಲಿ ಈ ಹೆಂಗಸೇ ಅಣ್ಣನ ಹಾಗಿದ್ದಾಳೆ ಎಂದು ನಾದಿನಿ ತೀರ್ಪು ಕೊಟ್ಟಳು. ಬೆತ್ತದವಳಿಗೆ ನಗು ಬಂತು. ಗಂಡ ಹೋದಮೇಲೆ ಅದೇ ಮೊದಲು.

ಮುಖ ಬೇಡ, ಕೆಲಸ ಹುಡುಕೋಣ ಎಂದು ಅವಳಿಗೇ ಹೊಳೆಯಿತು. ಊರಿನ ಅರ್ಧ ಕುರ್ಚಿ ಅವನ ಕೈಯವು. ಕುರ್ಚಿ ಇದ್ದಲ್ಲಿ ಅವನೂ ಇರಬಹುದು. ಮನೆಯ ಕುರ್ಚಿಯ ಸೀಟಿನ ಫೋಟೋ ತೆಗೆದು ಕೊಟ್ಟರು. ಜೇನುಗೂಡು ಬಂತು. ಜರಡಿ ಬಂತು. ಮೀನಿನ ಬುಟ್ಟಿ, ಹಳೇ ಜೈಲಿನ ಕಿಟಕಿ, ಎಲ್ಲ ಬಂದವು. ಪೂರ್ತಿ ಸೀಟು ಬೇಡ, ಅಂಚಿನ ಕಟ್ಟು ಮಾತ್ರ ಕೊಡು ಎಂದಳು. ಅಂಚಿಗೆ ಬೆತ್ತ ಸುತ್ತಿ ಬಿಗಿಯುವಾಗ ಒಬ್ಬೊಬ್ಬರ ಕೈ ಒಂದೊಂದು ಕಡೆ ವಾಲುತ್ತದೆ. ಮಗಳು ಅಷ್ಟನ್ನೇ ಕತ್ತರಿಸಿ ಕೊಟ್ಟಳು.

ಈಗ ಕುರ್ಚಿಗಳೇ ಬಂದವು. ನಾಟಕಶಾಲೆ, ಹೆರಿಗೆ ಆಸ್ಪತ್ರೆ, ಕ್ಷೌರದಂಗಡಿ. ಒಂದರಲ್ಲೂ ಅವನಿಲ್ಲ. ನೋಡುತ್ತ ನೋಡುತ್ತ ಬೆತ್ತದವಳು ಫೋನನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲದರಲ್ಲೂ ಕಟ್ಟು ಬಲಕ್ಕೆ ವಾಲಿತ್ತು. ಅವನದು ಎಡಕ್ಕೆ.

“ಇವು ಅವರದಲ್ಲ. ನಂದು,” ಎಂದಳು.

ಮನೆಯ ಕುರ್ಚಿ ಹೆಣೆದವಳು ಅವಳೇ. ಮರೆತೇಹೋಗಿತ್ತು. ಮದುವೆಯಾದ ಹೊಸತರಲ್ಲಿ ಎದುರಿಗೆ ಕೂತು, ಅವನ ಕೈ ನೋಡಿ ಕಲಿತವಳು. ಕನ್ನಡಿಯಲ್ಲಿ ಕಂಡ ಹಾಗೆ, ಅವನ ಎಡ ಇವಳಿಗೆ ಬಲವಾಗಿಬಿಟ್ಟಿತ್ತು. ಪಕ್ಕದಲ್ಲಿ ಕೂತಿದ್ದರೆ ಸರಿಯಾಗಿ ಕಲಿಯುತ್ತಿದ್ದಳೋ ಏನೋ. ಅತ್ತೆಯ ಕಣ್ಣೆದುರು ಪಕ್ಕ ಕೂರಲು ನಾಚಿಕೆ. ಅವನು ಕಂಡೂ ತಿದ್ದಲಿಲ್ಲ. ಇರಲಿ ಬಿಡು, ನಿನ್ನದು ಯಾವುದು ನನ್ನದು ಯಾವುದು ಅಂತ ಗೊತ್ತಾಗುತ್ತೆ ಎಂದಿದ್ದ.

ಊರಲ್ಲಿ ತನ್ನ ಕೈಯವು ಇಷ್ಟೊಂದು ಇದ್ದವಲ್ಲ ಎಂದು ಬೆರಗಾಯಿತು. ಆದರೆ ಹುಡುಕಲು ಹೊರಟದ್ದು ತನ್ನನ್ನಲ್ಲ.

ಮಗಳು ಕಟ್ಟು ಎಡಕ್ಕೆ ವಾಲುವ ಹಾಗೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ಕೊಟ್ಟಳು. ಈ ಸಲ ಕಡಿಮೆ ಬಂದವು. ಮೂವರೂ ತಲೆಗೆ ತಲೆ ತಾಗಿಸಿ ನೋಡಿದರು. ಕಾಲೇಜಿನ ಗುಂಪುಫೋಟೋ. ಯಾರದೋ ಸನ್ಮಾನ. ಆಮೇಲೆ ಅದೇ ನಾಟಕಶಾಲೆ, ಜನ ಬರುವ ಮುಂಚಿನದು. ಖಾಲಿ ಕುರ್ಚಿಗಳ ಸಾಲು. ಕೊನೆಯಲ್ಲಿ ನೆಲದ ಮೇಲೆ ಒಬ್ಬ ಕುರ್ಚಿ ಮಗುಚಿಕೊಂಡು ಕೂತಿದ್ದಾನೆ. ಮಗಳು ಬೆರಳಗಲಿಸಿ ದೊಡ್ಡದು ಮಾಡಿದಳು. ಬೆತ್ತದ ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುತ್ತಿದ್ದ. ತಲೆತುಂಬ ಕೂದಲು. ಮುಂದಿನ ಹಲ್ಲುಗಳ ನಡುವಿನ ಸಂದು ಹಾಗೇ ಇದೆ.

ನಾದಿನಿ ಮೂಗು ಒರೆಸಿಕೊಂಡು, ಕೂದಲು ನೋಡು ಇವನದು, ನಮಗ್ಯಾರಿಗೂ ಇರಲಿಲ್ಲ ಎಂದು ಬೈದಳು.

“ಅಮ್ಮ, ಅಪ್ಪ ಯಾರನ್ನ ನೋಡಿ ನಗ್ತಿರೋದು?” ಎಂದಳು ಮಗಳು.

ಎದುರಿಗಿದ್ದವರು ಚಿತ್ರದಲ್ಲಿ ಬಂದಿರಲಿಲ್ಲ. ಒಂದು ಕುರ್ಚಿಯ ಕಾಲು, ಅದನ್ನು ಹಿಡಿದ ಹೆಂಗಸಿನ ಬೆರಳು, ಅಷ್ಟೇ.

“ನನ್ನನ್ನೇ. ಇನ್ಯಾರನ್ನ?” ಎಂದಳು ಬೆತ್ತದವಳು.

ಆಸ್ಪತ್ರೆಯ ಮುಖ ಈಗಲೂ ಬರುತ್ತದೆ. ಪೂರ್ತಿ ಹೋಗಿಲ್ಲ. ಬಂದಾಗ ನಗುವ ಮುಖವನ್ನು ನೆನೆಯುತ್ತಾಳೆ, ಅದೂ ಬರುತ್ತದೆ. ಕೆಲಸ ಮತ್ತೆ ಹಿಡಿದಿದ್ದಾಳೆ. ಒಲೆ ಹಚ್ಚುವ ಮುಂಚೆ ಬಕೆಟ್ಟಿಗೆ ನೀರು ತುಂಬಿ ಆ ದಿನದ ಬೆತ್ತದ ಸುರುಳಿ ನೆನೆಹಾಕುತ್ತಾಳೆ. ಅವನಿದ್ದಾಗಲೂ ಬೆಳಿಗ್ಗೆ ಇದು ಅವಳದೇ ಕೆಲಸ. ನೆನೆಯದಿದ್ದರೆ ಬೆತ್ತ ಮುರಿಯುತ್ತದೆ. ತೇಲಿ ಮೇಲೆ ಬರದ ಹಾಗೆ ಒಂದು ಕಲ್ಲು ಹೇರುತ್ತಾಳೆ.