ಸೌಟಿನ ಆಳ

ಕುಚಲಕ್ಕಿ ಗಂಜಿ ಬೆಂದು ಇಳಿಸುವ ಹೊತ್ತಿನ ವಾಸನೆ ಇವತ್ತು ಬೆಳಿಗ್ಗೆ ನನ್ನನ್ನು ಹೊತ್ತಿಗೆ ಮೊದಲೇ ಅಡುಗೆಮನೆಗೆ ಎಳೆದು ತಂದಿತು. ನಮ್ಮ ಮನೆಯಲ್ಲಿ ಎಂಟು ಗಂಟೆಗೆ ಗಂಜಿ ಮೇಜಿಗೆ ಬರುತ್ತದೆ, ಎಂಟಕ್ಕೆ ನಾನೂ ಬರುತ್ತೇನೆ. ಅದಕ್ಕೂ ಮೊದಲು ಒಳಗೆ ಹೋಗುವ ಅಭ್ಯಾಸವಿಲ್ಲ. ತಂಗಿ ಸರೋಜ ಬಡಿಸುತ್ತಿದ್ದಳು. ನನ್ನ ಬಟ್ಟಲಿಗೆ ಹಾಕುವಾಗ ಅವಳ ಸೌಟು ಪಾತ್ರೆಯ ತಳ ಮುಟ್ಟಿತು. ತನ್ನದಕ್ಕೆ ಹಾಕಿಕೊಳ್ಳುವಾಗ ಮೇಲೆಯೇ ತೇಲಿತು. ನಾನು ಬಾಗಿಲಲ್ಲೇ ನಿಂತೆ.

ಸೌಟಿನಲ್ಲಿ ಅಂಥದ್ದೇನು ಎಂದು ನೀವು ಕೇಳಬಹುದು. ಗಂಜಿಯ ಅಗುಳೆಲ್ಲ ತಳದಲ್ಲಿರುತ್ತದೆ, ಮೇಲೆ ಇರುವುದು ಬರೀ ತೆಳಿನೀರು. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದಷ್ಟು ಕಾಲವೂ ಅಡುಗೆಯವಳಿಗೆ ಯಾವ ಹುಡುಗಿಯ ಮೇಲೆ ಪ್ರೀತಿ, ಯಾರ ಮೇಲೆ ಸಿಟ್ಟು ಎಂಬುದನ್ನು ನಾನು ಸೌಟು ನೋಡಿಯೇ ತಿಳಿಯುತ್ತಿದ್ದೆ. ಸಂಶಯ ನನಗೆ ಹುಟ್ಟುಗುಣವೋ ಕೆಲಸದಿಂದ ಬಂದದ್ದೋ ಹೇಳಲಾರೆ. ಗಡಿಯಾರವನ್ನು ರೇಡಿಯೋಗೆ ಸರಿಮಾಡಿ, ಆಮೇಲೆ ರೇಡಿಯೋವನ್ನೇ ನಂಬದವಳು ನಾನು.

ತೊಂಬತ್ತೆಂಟನೇ ಇಸವಿಯಲ್ಲಿ ನಿವೃತ್ತಳಾಗಿ ಕರಾವಳಿಯ ಬೀಜಾಡಿಗೆ ಬಂದಾಗ ಪಕ್ಕದ ಮನೆಯಲ್ಲಿದ್ದವರು ನಾರ್ಣಣ್ಣ ಮತ್ತು ಅವರ ಹೆಂಡತಿ ಪೊನ್ನಕ್ಕ. ನಾರ್ಣಣ್ಣ ಹರೆಯದಲ್ಲಿ ಮಲಾಯಕ್ಕೆ ಹೋಗಿ ಹೋಟೆಲಿನಲ್ಲಿ ಅಡುಗೆಗಿದ್ದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಡಗು ಹತ್ತಿ ಬಂದರು, ಬರುವಾಗ ಜೊತೆಯಲ್ಲಿ ಈ ತಮಿಳು ಹೆಂಗಸಿದ್ದರು. ಯುದ್ಧದ ಕಾಲದಲ್ಲಿ ಎಲ್ಲಿದ್ದಿರಿ ಎಂದು ಕೇಳಿದರೆ ಗಂಡನೂ ಮೀನಿನ ರೇಟು ಮಾತಾಡುತ್ತಿದ್ದರು, ಹೆಂಡತಿಯೂ ಮೀನಿನ ರೇಟು ಮಾತಾಡುತ್ತಿದ್ದರು. ಊರಿನವರು ಬಂಗಾರ ಹೂತಿಟ್ಟ ಕಥೆ ಕಟ್ಟಿದ್ದರು. ಬಂಗಾರದ ಮಾತನ್ನು ನಾನು ನಂಬಲಿಲ್ಲ, ಆದರೆ ಏನೋ ಹೂತದ್ದಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಆ ವರ್ಷ ಭಜನಾ ಮಂದಿರದಲ್ಲಿ ಗಂಜಿ ಊಟ. ಜನರನ್ನು ಸಾಲಿನಲ್ಲಿ ನಿಲ್ಲಿಸುವುದು ನಾನು, ಬಡಿಸುವುದು ನಾರ್ಣಣ್ಣ. ಕಣ್ಣು ಎಂದಿನಂತೆ ಸೌಟಿನ ಮೇಲೆ ಹೋಯಿತು. ಊರಿಗೆಲ್ಲ ನಡುವಿನಿಂದ ತೆಗೆಯುತ್ತಿದ್ದವರು ಪೊನ್ನಕ್ಕ ಎದುರು ಬಂದಾಗ ಮಾತ್ರ ತಳಕ್ಕೆ ಇಳಿಸಿದರು.

"ಹ್ವಾಯ್ ನಾರ್ಣಣ್ಣ, ಹೆಂಡ್ತಿನ್ ಕಂಡ್ರ್ ಮಾತ್ರ ನಿಮ್ಮ್ ಸೌಟಿಗೆ ಪಾತ್ರೆ ಅಡಿ ನೆನ್ಪಾತ್ತಾ?" ಎಂದೆ. ಸಾಲು ನಕ್ಕಿತು. ಪ್ರಾಯವಾದರೂ ಪ್ರೀತಿ ಕಮ್ಮಿಯಾಗಲಿಲ್ಲ ಎಂದು ಯಾರೋ ಸೇರಿಸಿದರು. ಪೊನ್ನಕ್ಕ ಮಾತ್ರ ತಿರುಗಿ ತಮ್ಮ ಹಿಂದೆ ನಿಂತವಳ ಬಟ್ಟಲನ್ನು ನೋಡಿದರು. ತಮ್ಮ ಬಟ್ಟಲನ್ನು ಮುಟ್ಟದೆ ಅಲ್ಲೇ ಇಟ್ಟು ಮನೆಗೆ ಹೋದರು.

ಅಂದಿನಿಂದ ಅವರು ಗಂಡ ಬಡಿಸಿದ್ದನ್ನು ಉಣ್ಣಲಿಲ್ಲ. ನಾನು ಒಯ್ದುಕೊಟ್ಟದ್ದನ್ನೂ ಉಣ್ಣಲಿಲ್ಲ. ಒಂದಿಷ್ಟು ಚಾ, ಅಷ್ಟೆ. ಕೋಟೇಶ್ವರದಿಂದ ಬಂದ ಡಾಕ್ಟರು ಕಾಯಿಲೆ ಏನೂ ಇಲ್ಲ, ಹೀಗೇ ಉಪವಾಸವಿದ್ದರೆ ಮಾತ್ರ ಉಳಿಯುವುದಿಲ್ಲ ಎಂದರು. ನನ್ನ ಸಂಶಯ ನೇರವಾಗಿ ನಾರ್ಣಣ್ಣನ ಮೇಲೆ ಹೋಯಿತು. ಅಡುಗೆ ಅವರದೇ. ಏನಾದರೂ ಬೆರೆಸುತ್ತಿರಬಹುದೇ? ಅವರ ಪಾತ್ರೆಯಿಂದ ಎರಡು ಚಮಚ ಕುಡಿದು, ಮನೆಗೆ ಬಂದು ಕನ್ನಡಿಯಲ್ಲಿ ನಾಲಗೆ ನೋಡಿಕೊಂಡೆ. ಉಪ್ಪು ಸ್ವಲ್ಪ ಹೆಚ್ಚಿತ್ತು, ಬೇರೇನಿಲ್ಲ.

ಹಾಸ್ಟೆಲ್ಲಿನಲ್ಲಿ ಜಗಳವಾಡಿದವರನ್ನು ಎದುರುಬದುರು ಕೂರಿಸಿ, ಮಾತು ಮುಗಿಯದೆ ಏಳಬಾರದು ಎನ್ನುತ್ತಿದ್ದೆ. ಮರುದಿನ ಆ ಇಬ್ಬರು ಮುದುಕರನ್ನೂ ಅವರ ಅಡುಗೆಮನೆಯಲ್ಲಿ ಹಾಗೇ ಕೂರಿಸಿದೆ.

ಪೊನ್ನಕ್ಕನೇ ಶುರುಮಾಡಿದರು. ಜಪಾನಿನ ಸೈನ್ಯದವರು ಮಲಾಯದಿಂದ ಜನರನ್ನು ತುಂಬಿಸಿಕೊಂಡು ಸಯಾಮ್ ದೇಶದ ಕಾಡಿಗೆ ಒಯ್ದರಂತೆ, ರೈಲುದಾರಿ ಮಾಡಿಸಲು. ಬಿದಿರಿನ ಕ್ಯಾಂಪು, ಸುತ್ತ ಕಾವಲು. ರಬ್ಬರ್ ತೋಟದಿಂದ ಹೋದವರಲ್ಲಿ ಪೊನ್ನಕ್ಕ ಮತ್ತು ಅವರ ತಂಗಿ ಚೆಲ್ಲಮ್ಮ ಇದ್ದರು. ಅಡುಗೆ ಬಲ್ಲವರೆಂದು ನಾರ್ಣಣ್ಣನನ್ನು ಗಂಜಿ ಹಂಡೆಯ ಹತ್ತಿರ ನಿಲ್ಲಿಸಿದ್ದರು. ಅವರಿಗೆ ಪೊನ್ನಕ್ಕನ ಮೇಲೆ ಮನಸ್ಸಾಯಿತು. ಮಾತಾಡುವ ಹಾಗಿಲ್ಲ, ಹಾಗಾಗಿ ಇದ್ದ ಮಾತೆಲ್ಲ ಸೌಟಿನಲ್ಲಿ. ಆದರೆ ಕಾವಲಿನವನ ಕಣ್ಣೆದುರು ಎರಡು ಸಲ ತಳ ಕೆದಕಿದರೆ ಬೆನ್ನಿಗೆ ದೊಣ್ಣೆ. ಮುಂದೆ ನಿಂತ ಅಕ್ಕನಿಗೆ ಅಗುಳು, ಹಿಂದೆ ನಿಂತ ತಂಗಿಗೆ ತೆಳಿ. ಆ ಮಳೆಗಾಲ ಕಾಲರಾ ಬಂತು, ಚೆಲ್ಲಮ್ಮ ಉಳಿಯಲಿಲ್ಲ. ಸೌಟಿನ ಈ ಲೆಕ್ಕ ಪೊನ್ನಕ್ಕನಿಗೆ ಹೊಳೆದದ್ದು ಭಜನಾ ಮಂದಿರದಲ್ಲಿ ನನ್ನ ತಮಾಷೆ ಕೇಳಿದ ಮೇಲೆಯಂತೆ.

"ಅವ್ಳಿಗ್ ಬರೀ ತೆಳಿ ಅಂದೇಳಿ ಎಂತಕ್ಕೆ ಹೇಳ್ಲಿಲ್ಲ ನೀವ್?" ಎಂದು ಪೊನ್ನಕ್ಕ ಕೇಳಿದರು.

ನಾರ್ಣಣ್ಣ ನೆಲ ನೋಡಿದರು. "ನೀನ್ ಅವ್ಳಿಗೂ ಕೊಡ್ತೆ ಅಂದ್ಕಂಡಿದ್ದೆ."

"ನೀವ್ ಇಬ್ರಿಗೂ ಒಂದೇ ನಮೂನಿ ಹಾಕ್ತ್ರಿ ಅಂದ್ಕಂಡಿದ್ದೆ ನಾನ್."

ಇಷ್ಟು ಮಾತಿಗೆ ಅವರಿಗೆ ಅರ್ಧ ಶತಮಾನ ಬೇಕಾಯಿತು. ನಿಜ ಹೇಳುತ್ತೇನೆ, ಇಬ್ಬರನ್ನೂ ನಾನು ಪೂರ್ತಿ ನಂಬಲಿಲ್ಲ. ಹಸಿದವರಿಗೆ ಪಕ್ಕದ ಬಟ್ಟಲು ಕಾಣದೆ ಇರುತ್ತದೆಯೇ? ಬಡಿಸಿದವನಿಗೆ, ಹಸಿದವರು ಹಂಚುವುದು ಕಷ್ಟ ಎಂದು ಗೊತ್ತಿರುವುದಿಲ್ಲವೇ? ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ನನ್ನ ವೃತ್ತಿಯಲ್ಲಿ ಅದು ಅಪರೂಪ.

"ಗಂಜಿ ಕಲ್ಕಿ," ಎಂದರು ಪೊನ್ನಕ್ಕ. ನಾರ್ಣಣ್ಣ ಎದ್ದು ಗಂಜಿಯನ್ನು ತಳದಿಂದ ಮೇಲಿನವರೆಗೆ ಬಹಳ ಹೊತ್ತು ಕಲಕಿದರು. "ಮೊದ್ಲ್ ಅವ್ಳಿಗೆ," ಎಂದು ಪೊನ್ನಕ್ಕ ಹೇಳಿದರು.

ತೀರಿಹೋದವರಿಗೆ ಎಡೆ ಇಡುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಅವರ ಮನೆಯಲ್ಲೂ ಪ್ರತಿ ವರ್ಷ ನಾರ್ಣಣ್ಣನ ಹಿರಿಯರಿಗೆ ಇಡುತ್ತಿದ್ದರು. ಚೆಲ್ಲಮ್ಮನಿಗೆ ಒಮ್ಮೆಯೂ ಇಟ್ಟಿರಲಿಲ್ಲ, ಯಾಕೆಂದರೆ ಇಬ್ಬರಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಈಗ ಬಾಳೆಲೆಯ ತುಂಡಿನ ಮೇಲೆ ಗಂಜಿಯ ಬಟ್ಟಲಿಟ್ಟು ಇಬ್ಬರೂ ಹಿತ್ತಲಿನ ತೆಂಗಿನ ಬುಡಕ್ಕೆ ಒಯ್ದರು. ನಾರ್ಣಣ್ಣ ಒಳಗೆ ಬಂದು ಮತ್ತೆ ಕಲಕಿ ಹೆಂಡತಿಗೆ ಹಾಕಿದರು. ಪೊನ್ನಕ್ಕ ತಮ್ಮ ಬಟ್ಟಲು ನೋಡಿದರು, ಗಂಡನ ಬಟ್ಟಲು ನೋಡಿದರು, ಆಮೇಲೆ ಉಂಡರು.

ಆಮೇಲೆ ಕೆಲವು ವರ್ಷ ಇದ್ದರು ಇಬ್ಬರೂ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ.

ಇವತ್ತು ಬಾಗಿಲಲ್ಲಿ ನಿಂತು ಸರೋಜಳ ಮಣಿಕಟ್ಟು ನೋಡಿದೆ. ತೆಳ್ಳಗಾಗಿದ್ದಾಳೆ, ಪ್ರಾಯದಿಂದ ಎಂದುಕೊಂಡಿದ್ದೆ. ಊರಿನ ಸೌಟನ್ನೆಲ್ಲ ಕಾದ ನಾನು ಎಂಟು ಗಂಟೆಗೆ ಮುಂದೆ ಬಂದ ಬಟ್ಟಲನ್ನು ದಿನವೂ ಖಾಲಿ ಮಾಡುತ್ತಿದ್ದೆ.

ಒಳಗೆ ಹೋಗಿ ಎರಡು ಬಟ್ಟಲನ್ನೂ ಪಾತ್ರೆಗೆ ಸುರಿದೆ. ಸೌಟು ಕಸಿದುಕೊಂಡು ಕಲಕತೊಡಗಿದೆ.

ಸರೋಜ ನನ್ನ ಮುಖವನ್ನೇ ಸಂಶಯದಿಂದ ನೋಡಿದಳು. "ಎಂತ ಅಕ್ಕ, ಹುಷಾರಿಲ್ಯಾ ನಿಂಗೆ?"

ಗಡಿಯಾರ ಎಂಟು ಹೊಡೆಯಿತು. ನಾನು ಇನ್ನೂ ಕಲಕುತ್ತಲೇ ಇದ್ದೆ.